ಆರು ಹದಿನೇಳರ ಗದ್ದಲ

ಬಣ್ಣದ ಕಾರ್ಖಾನೆಯ ಮಾಲೀಕರು ಒಬ್ಬ ಹೆಂಗಸಿಗೆ ಅವಳ ಗಂಡನ ಸಾವಿನ ಪರಿಹಾರ ಕೊಡುವುದು ಬಾಕಿಯಿದೆ. ಅವನು ದುಡಿದ ಕೊನೆಯ ಹತ್ತೊಂಬತ್ತು ದಿನದ ಸಂಬಳವೂ ಬಾಕಿಯಿದೆ. ಮೂರು ವರ್ಷವಾಯಿತು. ನಾನು ಬರೆಯುತ್ತಿರುವುದು ಆ ಹೆಂಗಸಿನ ಅಪ್ಪನ ಬಗ್ಗೆ. ಬೀದಿಗೆಲ್ಲ ಅವರು ಕರಕರ ಮಾವ.

ಮಾವನ ಕಸುಬು ಮೋಟರ್ ವೈಂಡಿಂಗ್. ಸುಟ್ಟ ಮೋಟರ್ ಬಿಚ್ಚಿ, ಕರಕಲು ತಂತಿ ಕಿತ್ತೆಸೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಕೊಡುವುದು. ಹುಚ್ಚು ಮಾತ್ರ ಶಾರ್ಟ್‌ವೇವ್ ರೇಡಿಯೋದ್ದು. ಸಂಜೆ ಐದೂವರೆಗೆ ಅಂಗಡಿಯ ಬಾಗಿಲೆಳೆದು ಹಿಂದಿನ ಕೋಣೆಯಲ್ಲಿ ಕೂತರೆಂದರೆ, ಸಮುದ್ರದಾಚೆಯ ಸ್ಟೇಷನ್ನುಗಳನ್ನು ಕರಕರ ಸದ್ದಿನೊಳಗಿಂದ ಅಕ್ಕಿಯೊಳಗಿನ ಕಲ್ಲಿನಂತೆ ಹೆಕ್ಕಿ ತೆಗೆಯುತ್ತಿದ್ದರು.

ಈ ಹುಚ್ಚಿನವರಿಗೆ ಒಂದು ಪದ್ಧತಿಯಿದೆ. ಎಷ್ಟು ಗಂಟೆಗೆ ಏನು ಕೇಳಿಸಿತು, ಎಲ್ಲಿ ಯಾವ ಸದ್ದು ಅಡ್ಡ ಬಂತು ಎಂದು ನಿಮಿಷ ನಿಮಿಷಕ್ಕೆ ಬರೆದು ಆ ಸ್ಟೇಷನ್ನಿಗೆ ಅಂಚೆಯಲ್ಲಿ ಕಳಿಸಬೇಕು. ಅವರು ತಾಳೆ ನೋಡಿ, ಹೌದು, ನೀವು ಕೇಳಿದ್ದು ನಮ್ಮನ್ನೇ ಎಂದು ಕಾರ್ಡು ಕಳಿಸುತ್ತಾರೆ. ಮಾವನ ಹತ್ತಿರ ಅಂಥ ಮುನ್ನೂರು ಕಾರ್ಡುಗಳಿದ್ದವು. ಸಮಯ ಬರೆಯುವುದು ನಮ್ಮ ಗಡಿಯಾರದ್ದಲ್ಲ, ಲೋಕಕ್ಕೆಲ್ಲ ಒಂದೇ ಆದ ಲೆಕ್ಕದ ಸಮಯ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಕೇಳುವಾಗ ಬಿಲ್ ಪುಸ್ತಕದ ಹಾಳೆಯ ಬೆನ್ನಿಗೆ ಗೀಚಿಕೊಳ್ಳುತ್ತಿದ್ದರು. ಪುರಸೊತ್ತಾದಾಗ ಅದನ್ನು ರಿಜಿಸ್ಟರಿಗೆ ದುಂಡಗೆ ನಕಲು ಮಾಡಿ, ಗೀಚಿದ ಹಾಳೆಯನ್ನು ಹರಿದು ಹಾಕುತ್ತಿದ್ದರು. ನಲವತ್ತು ವರ್ಷದ ರೂಢಿ.

ಅಳಿಯ ಅವರ ಮನೆಯಲ್ಲೇ ಇದ್ದ. ಬಣ್ಣದ ಕಾರ್ಖಾನೆಯಲ್ಲಿ ಕಲಸುವ ತೊಟ್ಟಿಯ ಕೆಲಸ. ಮಾಡಿನ ಮೇಲೆ ಏರಿಯಲ್ ತಂತಿ ಎಳೆದುಕೊಟ್ಟವನೂ ಅವನೇ, ಗೇಲಿ ಮಾಡುವವನೂ ಅವನೇ.

"ಮಾವ, ಆ ಸ್ಟೇಷನ್ನು ನನ್ನ ಫೋನಲ್ಲೇ ಬರುತ್ತೆ. ಒಂಚೂರು ಕರಕರ ಇಲ್ಲ."

"ಅಂಗಡಿಯಿಂದ ಮೀನು ತಂದು ನಾನೇ ಹಿಡಿದೆ ಅಂತೀಯಲ್ಲಯ್ಯಾ. ಹೋಗು, ಹೋಗಿ ಉಣ್ಣು."

ಕಾರ್ಖಾನೆಯ ಗೋಡೆಗೂ ಮಾವನ ಹಿಂದಿನ ಕೋಣೆಗೂ ನಡುವೆ ಒಂದು ಚರಂಡಿಯಷ್ಟೇ ಅಂತರ. ತೊಟ್ಟಿಯೊಳಗಿನ ಅಲಗು ತಿರುಗಿಸುವ ಮೋಟರು ಹಳೇ ಕಾಲದ್ದು, ಅದರೊಳಗೆ ಕರೆಂಟು ಹಾಯಿಸುವ ಕಾರ್ಬನ್ ಬ್ರಷ್ ಸವೆದು ಕಿಡಿ ಹಾರುತ್ತಿತ್ತು. ಕಿಡಿ ಹಾರಿದಷ್ಟೂ ಹೊತ್ತು ರೇಡಿಯೋದಲ್ಲಿ ಗರ್ರೆಂಬ ಗದ್ದಲ. ಅದೇ ಮೋಟರಿಗೆ ಎರಡು ಸಲ ತಂತಿ ಸುತ್ತಿದ್ದ ಮಾವನಿಗೆ ಆ ಸದ್ದು ಸ್ವಂತ ಕೆಮ್ಮಿನಷ್ಟು ಗುರುತು. ಬ್ರಷ್ ಬದಲಾಯಿಸಿ ಎಂದು ಹೇಳಿ ಹೇಳಿ ಸಾಕಾಗಿತ್ತು. ಮೋಟರ್ ಓಡುತ್ತಿದೆಯಲ್ಲ ಎನ್ನುತ್ತಿದ್ದ ಮ್ಯಾನೇಜರ್.

ಆ ಮಂಗಳವಾರ ಆರೂ ನಾಲ್ಕಕ್ಕೆ ಗದ್ದಲ ನಿಂತಿತು. ತೊಟ್ಟಿ ತೊಳೆಯುವ ಹೊತ್ತು, ಮೋಟರ್ ಆರಿಸಿದ್ದರು. ದೂರದ ಸ್ಟೇಷನ್ನಿನ ಸುದ್ದಿ ಸ್ಪಷ್ಟವಾಗಿ ಬರತೊಡಗಿತು. ಆರು ಹದಿನೇಳಕ್ಕೆ ಮತ್ತೆ ಗರ್ರೆಂದಿತು. ಹದಿನೆಂಟಕ್ಕೆ ನಿಂತಿತು. ಮಾವ ಬಿಲ್ಲಿನ ಬೆನ್ನಿಗೆ ಬರೆದರು: 'ದರಿದ್ರ ಮೋಟರ್, ಒಂದು ನಿಮಿಷ. ಮುಖ್ಯ ಸುದ್ದಿ ಹೋಯಿತು.'

ಏಳಕ್ಕೆ ಕಾಲು ಗಂಟೆ ಇರುವಾಗ ಕಾರ್ಖಾನೆಯವರು ಬಂದು ಬಾಗಿಲು ಬಡಿದರು. ಅಳಿಯ ತೊಟ್ಟಿಯೊಳಗೆ ಸತ್ತಿದ್ದ.

ಮಾಲೀಕರು ಮಾರನೆಯ ದಿನವೇ ಕಾಗದ ಮಾಡಿಸಿದರು. ಆರು ಗಂಟೆ ಸುಮಾರಿಗೆ ಆರಿಸಿದ ಮೋಟರನ್ನು ಮತ್ತೆ ಹಾಕಿಯೇ ಇಲ್ಲವಂತೆ. ಅವನು ಕುಡಿದು ಏಣಿ ಜಾರಿ, ನಿಂತ ಅಲಗಿನ ಮೇಲೆ ಬಿದ್ದನಂತೆ. ತಪ್ಪು ಅವನದೇ, ಹಾಗಾಗಿ ಪರಿಹಾರವಿಲ್ಲವಂತೆ. ಅವನು ಕುಡಿಯುತ್ತಿದ್ದುದು ಚಹಾ. ನಾವು ಕಾರ್ಮಿಕ ಸಂಘದವರು ಗೇಟಿನ ಮುಂದೆ ಆರು ದಿನ ಕೂತೆವು, ಲಾಠಿ ತಿಂದೆವು. ವಿಚಾರಣೆ ಮಾಡಿಸುತ್ತೇವೆ ಎಂಬ ಮಾತನ್ನು ಮಾತ್ರ ಗಿಟ್ಟಿಸಿದೆವು.

ಹನ್ನೆರಡು ದಿನ ಕಳೆದ ಮೇಲೆ ಮಾವ ಅಂಗಡಿ ತೆರೆದರು. ಬಿಲ್ ಪುಸ್ತಕ ತಿರುವಿದಾಗ ತಾನು ಬರೆದದ್ದು ಕಣ್ಣಿಗೆ ಬಿತ್ತು: ಹನ್ನೆರಡು ಗಂಟೆ ನಲವತ್ತೇಳು ನಿಮಿಷ, ಅಂದರೆ ನಮ್ಮ ಆರು ಹದಿನೇಳು. ಅಳಿಯ ತೊಟ್ಟಿಯೊಳಗಿದ್ದಾಗ ಯಾರೋ ಸ್ವಿಚ್ ಹಾಕಿದ್ದರು. ಆ ಒಂದು ನಿಮಿಷಕ್ಕೆ ಮಾವ ಬೈದಿದ್ದರು.

ಆಮೇಲೆ ಅವರು ಮಾಡಿದ್ದು ಈ ಹುಚ್ಚಿನವರು ಮಾತ್ರ ಮಾಡುವ ತಪ್ಪು. ವಿಚಾರಣೆಯ ಅಧಿಕಾರಿಗೆ ಲೋಕದ ಸಮಯ ಗೊಂದಲವಾದೀತೆಂದು ಅದನ್ನು ನಮ್ಮ ಗಡಿಯಾರಕ್ಕೆ ಬದಲಿಸಿದರು. ಬೈಗುಳವನ್ನು ಕೈಬಿಟ್ಟರು. ಅಷ್ಟನ್ನೂ ಮುತ್ತಿನಂಥ ಅಕ್ಷರದಲ್ಲಿ ರಿಜಿಸ್ಟರಿಗೆ ನಕಲು ಮಾಡಿದರು. ಬಿಲ್ಲಿನ ಹಾಳೆಯನ್ನು ರೂಢಿಯಂತೆ ಹರಿದು ಹಾಕಿದರು. ನಮ್ಮಲ್ಲೊಬ್ಬರಿಗೂ ಹೇಳಲಿಲ್ಲ.

ಅಧಿಕಾರಿ ಕೆಟ್ಟವನೇನಲ್ಲ, ಸೋಮಾರಿ. ಈಗೆಲ್ಲ ಫೋನಲ್ಲೇ ಬರುವಾಗ ಈ ರೇಡಿಯೋ ಯಾಕೆ ಕೇಳುತ್ತೀರಿ ಎಂದು ಶುರುಮಾಡಿದ. "ಫೋನಲ್ಲಿ ಕಾರ್ಖಾನೆ ಸದ್ದು ಬರಲ್ಲ ಸಾರ್," ಎಂದರು ಮಾವ. ಅವನು ರಿಜಿಸ್ಟರ್ ತಿರುವಿದ. ಉಳಿದ ಸಾಲುಗಳಲ್ಲೆಲ್ಲ ಹನ್ನೆರಡು, ಹದಿಮೂರು, ಹದಿನಾಲ್ಕು ಗಂಟೆ. ಇದೊಂದರಲ್ಲಿ ಮಾತ್ರ ಆರು ಹದಿನೇಳು. ಶಾಯಿಯೂ ಬೇರೆ.

"ಇದನ್ನ ಬರೆದಿದ್ದು ಯಾವಾಗ?"

"ಹನ್ನೆರಡು ದಿನ ಆದಮೇಲೆ ಸಾರ್."

"ಮೊದಲು ಬರೆದಿದ್ದು?"

"ಹರಿದು ಹಾಕ್ದೆ."

ಮುನ್ನೂರು ಕಾರ್ಡುಗಳನ್ನು ಮೇಜಿನ ಮೇಲೆ ಸುರಿದರೂ ಅವನು ನೋಡಲಿಲ್ಲ. ಇವರು ಕೇಳಿದ್ದು ನಿಜ ಎಂದು ಕಂಡು ಕೇಳರಿಯದ ದೇಶಗಳು ಒಪ್ಪಿದ್ದವು. ಆಚೆ ಬೀದಿಯ ಕಚೇರಿ ಒಪ್ಪಲಿಲ್ಲ. ಮೃತನ ಮಾವ ಸೃಷ್ಟಿಸಿದ ಸಾಕ್ಷ್ಯ ಎಂದು ಅಧಿಕಾರಿ ಆದೇಶದಲ್ಲಿ ಬರೆದ.

ಮಗಳು ಕೇಳಿದ್ದು ಒಂದೇ ಮಾತು. "ಅಪ್ಪಾ, ಹರಿಯೋಕೆ ಮುಂಚೆ ನನಗೊಂದು ಸಲ ತೋರಿಸಬಾರದಿತ್ತಾ?" ಅದಾದ ಮೇಲೆ ಅವರಿಬ್ಬರ ನಡುವೆ ಮಾತು ಉಪ್ಪು ಬೇಕೇ, ನೀರು ಬೇಕೇ ಎನ್ನುವಷ್ಟಕ್ಕೆ ಇಳಿದಿದೆ. ಅವಳೀಗ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಮಾವ ಈಗಲೂ ಸಂಜೆ ರೇಡಿಯೋ ಹಾಕುತ್ತಾರೆ. ದೂರದ ಸ್ಟೇಷನ್ನುಗಳು ಒಂದೊಂದಾಗಿ ಮುಚ್ಚಿವೆ, ಉಳಿದವನ್ನೂ ಅವರು ಹುಡುಕುವುದಿಲ್ಲ. ಬರೀ ಕಾರ್ಖಾನೆಯ ಮೋಟರ್ ಯಾವಾಗ ಓಡಿತು, ಯಾವಾಗ ನಿಂತಿತು ಎಂದು ಬರೆಯುತ್ತಾರೆ. ಬ್ರಷ್ ಇನ್ನೂ ಬದಲಾಗಿಲ್ಲ. ಗೀಚಿದ ಒಂದು ಹಾಳೆಯನ್ನೂ ಹರಿಯುವುದಿಲ್ಲ. ಈಗ ಅವುಗಳಿಂದ ಯಾರಿಗೂ ಉಪಯೋಗವಿಲ್ಲ.

ಬರುವ ತಿಂಗಳ ಎಂಟಕ್ಕೆ ಮೇಲ್ಮನವಿಯ ವಿಚಾರಣೆ. ಹೊಸ ಸಾಕ್ಷಿ ಬೇಕು, ಇಲ್ಲದಿದ್ದರೆ ಕಡತ ಮುಚ್ಚುತ್ತೇವೆ ಎಂದಿದ್ದಾರೆ. ಚರಂಡಿಯ ಪಕ್ಕದ ಸಾಲಿನಲ್ಲಿ ಮೂವತ್ತೊಂದು ಮನೆಗಳಿವೆ. ಆ ಮೋಟರ್ ತಿರುಗಿದರೆ ಕಿಟಕಿಯ ಗಾಜು ನಡುಗುತ್ತದೆ, ಅದನ್ನು ಕೇಳಲು ರೇಡಿಯೋ ಬೇಕಿಲ್ಲ. ಇದನ್ನು ಓದುತ್ತಿರುವ ನೀವು ಆ ಸಾಲಿನವರಾದರೆ, ನಿಮ್ಮ ಗಂಡನೋ ತಮ್ಮನೋ ಅದೇ ಗೇಟಿನೊಳಗೆ ದುಡಿಯುತ್ತಾನೆ, ಅದಕ್ಕೇ ಬಾಯಿ ಕಟ್ಟಿದೆ. ಗೊತ್ತು. ನಾಳೆ ಆ ತೊಟ್ಟಿಗೆ ಇಳಿಯುವವನೂ ಅವನೇ. ಎಂಟನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬನ್ನಿ. ಆವತ್ತು ಸಂಜೆ ನಿಂತ ಮೋಟರ್ ಮತ್ತೆ ಒಂದು ನಿಮಿಷ ಓಡಿತು ಎಂದು ನಿಮ್ಮ ಬಾಯಿಂದ ಹೇಳಿ, ಹೇಳಿದ್ದರ ಕೆಳಗೆ ಸಹಿ ಹಾಕಿ.