ತಾಯಿಕುರಿಗೆ ಹಾಡುವವಳು

ಪಕ್ಕದ ಮನೆಯಾಕೆಯ ಎರಡೂ ಕೆನ್ನೆಗಳ ಮೇಲೆ ಚಳಿಗಾಳಿ ಸುಟ್ಟ ಕೆಂಪು ಕಲೆಗಳಿದ್ದವು. ಮಂಗೋಲಿಯಾದಲ್ಲಿ ಕುರಿ ಕಾಯುತ್ತಾ ಬೆಳೆದ ಹೆಂಗಸು. ನಾವಿರುವ ಐರಿಷ್ ಊರು ಕ್ಯಾಸಲ್‌ನಾಕ್‌ಗೆ ಬಂದು ಎಷ್ಟೋ ವರ್ಷವಾದರೂ ಆ ಕೆಂಪು ಮಾಸಿರಲಿಲ್ಲ. ಅವರ ಕಡೆ ವರ್ಷಕ್ಕೆ ನಾಲ್ಕು ಸಲ ಮನೆಯನ್ನೇ ಬಿಚ್ಚಿ, ಒಂಟೆಗಳ ಮೇಲೆ ಹೇರಿಕೊಂಡು, ಹುಲ್ಲಿದ್ದ ಕಡೆ ಹೋಗುತ್ತಿದ್ದರಂತೆ. ಇಲ್ಲಿ ಅದಾಗದಲ್ಲ, ಚಳಿ ಶುರುವಾದರೆ ಸೋಫಾ, ಮಂಚ ಎಲ್ಲದರ ಜಾಗ ಬದಲಿಸುತ್ತಿದ್ದಳು. "ಒಂದೇ ಕಡೆ ಕೂತ್ರೆ ನೆಲಕ್ಕೆ ಸುಸ್ತಾಗುತ್ತೆ, ಡಾಕ್ಟರ್" ಅನ್ನುತ್ತಿದ್ದಳು.

ಕೋವಿಡ್ ಬಂದಾಗ ನನ್ನ ಗಂಡ ಮೈಸೂರಿನಲ್ಲಿ ಸಿಕ್ಕಿಬಿದ್ದರು, ನಾನು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ. ಸೋಂಕು ಮನೆಗೆ ತಂದೇನು ಎಂಬ ಭಯಕ್ಕೆ ಐದು ವರ್ಷದ ಮಗಳನ್ನು ಆಕೆಗೆ ಒಪ್ಪಿಸಿ, ಏಳು ವಾರ ಆಸ್ಪತ್ರೆಯ ಹತ್ತಿರ ಬೇರೆ ಕೋಣೆ ಹಿಡಿದು ಇದ್ದೆ. ವಿಡಿಯೋ ಕಾಲ್ ಮಾಡಿದರೆ, ನಾನು ಕೊಟ್ಟ ಮೊಸರನ್ನಕ್ಕೆ ಮುಖ ತಿರುಗಿಸುತ್ತಿದ್ದ ಕೂಸು ಆಕೆಯ ತೊಡೆಯ ಮೇಲೆ ಕೂತು ಉಪ್ಪು ಹಾಕಿದ ಹಾಲಿನ ಚಹಾ ಕುಡಿಯುತ್ತಿದೆ! ಕನ್ನಡದಲ್ಲಿ ಮಾತಾಡಿಸಿದರೆ ನನಗೆ ಚೆನ್ನಾಗಿದ್ದೀನಿ ಅನ್ನೋದಕ್ಕೆ ಇಲ್ಲಿಯವರ ಹಾಗೆ "ಐ ಆಮ್ ಗ್ರ್ಯಾಂಡ್" ಅನ್ನುವವಳು, ಆಕೆಗೆ ಮಾತ್ರ ಮಂಗೋಲಿಯನ್ನಿನಲ್ಲೇ ಉತ್ತರ ಕೊಡುತ್ತಿದ್ದಳು. ಹೊಟ್ಟೆ ಉರಿದುಹೋಯಿತು. ಉಪಕಾರ ಮಾಡಿದವಳ ಮೇಲೇ ಹೊಟ್ಟೆಕಿಚ್ಚು! ಥೂ, ಎಂಥ ಹೆಂಗಸು ನಾನು ಎಂದು ಬೈದುಕೊಂಡೆ. ಉರಿ ಮಾತ್ರ ಆರಲಿಲ್ಲ.

ವಾಪಸು ಬಂದ ದಿನ ಮಗಳು ಆಕೆಯ ಬೆನ್ನ ಹಿಂದೆ ಅಡಗಿಕೊಂಡಳು. "ಹೋಗು, ಅವಳ ಹತ್ರಾನೇ ಇದ್ದುಬಿಡು!" ಎಂದು ಕೂಗಿಬಿಟ್ಟೆ. ಮಗು ಬಿಕ್ಕಿ ಬಿಕ್ಕಿ ಅತ್ತಿತು.

ಆಕೆ ನನ್ನನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, ಬೆನ್ನು ಸವರುತ್ತಾ "ತೋಯ್ಗ್, ತೋಯ್ಗ್" ಎಂದು ಹಾಡತೊಡಗಿದಳು. ಅದೇನೆಂದು ಮಗಳು ಆಗಲೇ ಫೋನಿನಲ್ಲಿ ಹೇಳಿದ್ದಳು: ಮರಿಯನ್ನು ಹತ್ತಿರ ಸೇರಿಸದೆ ಒದೆಯುವ ತಾಯಿಕುರಿಯ ಪಕ್ಕ ಕೂತು, ಅದು ಮೆತ್ತಗಾಗಿ ಹಾಲೂಡಿಸುವವರೆಗೂ ಹೀಗೆ ಹಾಡುತ್ತಾರಂತೆ.

"ಅಳ್ತಿರೋದು ಮಗು. ಅದಕ್ಕೆ ಹಾಡಿ, ನನಗ್ಯಾಕೆ?" ಎಂದು ಸಿಡುಕಿದೆ.

"ಮರಿಗೆ ಯಾರೂ ಹಾಡಲ್ಲ, ಡಾಕ್ಟರ್. ಮರಿ ಯಾವಾಗ್ಲೂ ಬರೋಕೆ ರೆಡಿನೇ. ಒದೀತಿರೋದು ನೀವು."

ಹಾಡು ಮುಂದುವರಿಯಿತು. ನಾಚಿಕೆಯಾಗಿ ಅತ್ತುಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಮಗಳು ಬಂದು ನನ್ನ ತೊಡೆ ಏರಿದಳು. ಆಕೆ ಸದ್ದಿಲ್ಲದೆ ಎದ್ದು ಒಳಗೆ ಹೋದಳು.

ಮುಂದಿನ ಚಳಿಗಾಲ ಆಕೆಯೇ ನನ್ನ ವಾರ್ಡಿಗೆ ಬಂದಳು. ಉಳಿಸಿಕೊಳ್ಳಲಾಗಲಿಲ್ಲ. ಕೊನೆಯ ದಿನ, ಮಾತಾಡಲು ಉಸಿರಿಲ್ಲದೆ, ಕೈಸನ್ನೆಯಲ್ಲೇ ನನ್ನ ಮಗಳು ಬೇಕೆಂದಳು. ಫೋನು ಹಚ್ಚಿದೆ. ಮಗಳು "ಏಜ್, ಏಜ್" ಎಂದು ಕರೆದಳು. ಅವರ ಭಾಷೆಯಲ್ಲಿ ಹಾಗೆಂದರೆ ಅಮ್ಮ.

ಸುಳ್ಳು ಯಾಕೆ ಹೇಳಲಿ, ಆಗಲೂ ನನಗೆ ಉರಿಯಿತು. ಫೋನನ್ನು ಆಕೆಯ ಕಿವಿಗೆ ಇನ್ನಷ್ಟು ಹತ್ತಿರ ಹಿಡಿದೆ.