ಆಮೆಯ ಟ್ಯಾಗಿಗೆ ಹಚ್ಚಿದ ದೋಸೆಹಿಟ್ಟು

ಪೀಣ್ಯದಲ್ಲಿ ನಮ್ಮ ಯಜಮಾನರದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಪಂಪುಗಳ ಬಿಡಿಭಾಗ ಮಾಡಿಕೊಂಡಿದ್ದವರು ಆ ವರ್ಷ ಕಡಲಾಮೆಯ ಬೆನ್ನಿಗೆ ಅಂಟಿಸುವ ಟ್ಯಾಗ್ ಮಾಡಲು ಹೊರಟಿದ್ದರು. ಅಂಗೈಯಗಲದ ಡಬ್ಬಿ, ಮೇಲೊಂದು ಪುಟ್ಟ ಆಂಟೆನಾ. ಉಸಿರಾಡಲು ಆಮೆ ನೀರಿನ ಮೇಲೆ ಬಂದಾಗ ಅದು ಉಪಗ್ರಹಕ್ಕೆ ಸಂದೇಶ ಕಳಿಸುತ್ತದೆ. ಆಮೆ ಹೋದ ದಾರಿ ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕೆಗಳಾಗಿ ಮೂಡುತ್ತದೆ. ಪೂರ್ವ ಕರಾವಳಿಯ ಸಂಶೋಧಕರು ಪರೀಕ್ಷೆಗೆಂದು ಒಂದನ್ನು ಅಂಟಿಸಿ ಬಿಟ್ಟಿದ್ದರು. ಅದು ಗೆದ್ದರೆ ಮುಂದಿನ ಟ್ಯಾಗುಗಳೂ ನಮ್ಮವೇ. ಇಲ್ಲದಿದ್ದರೆ ಮತ್ತೆ ಪಂಪು.

ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಟ್ಟು ಬಂದವಳೇ ನಾನು ನಕ್ಷೆ ತೆರೆಯುತ್ತಿದ್ದೆ. ಮೊದಲು ಒತ್ತೊತ್ತಾಗಿದ್ದ ಚುಕ್ಕೆಗಳು ಬರಬರುತ್ತಾ ವಿರಳವಾದವು. ಆಮೇಲೆ ನಿಂತೇಹೋದವು.

“ಒಳಗೆ ನೀರು ಹೋಗಿದೆ ಕಣೇ. ಸೋಮವಾರ ಫೋನ್ ಮಾಡಿ, ನಮ್ ಕೈಲಾಗಲ್ಲ ಅಂದ್ಬಿಡ್ತೀನಿ,” ಎಂದರು ಯಜಮಾನರು.

“ನೀರು ಹೋಗಿದ್ರೆ ಒಂದೇ ಸಲ ನಿಲ್ಬೇಕಿತ್ತಲ್ವೇನ್ರೀ? ಇದು ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಆಯ್ತು.”

ನನ್ನ ತಲೆಯಲ್ಲಿದ್ದುದು ನಮ್ಮ ಮನೆಯ ಟ್ಯಾಂಕು. ಬೋರ್‌ವೆಲ್ ನೀರಿನ ಬಿಳಿ ಉಪ್ಪು ಅದರೊಳಗಿನ, ನೀರಿನ ಮಟ್ಟ ತಿಳಿಸುವ ಸೆನ್ಸರ್ ಕಡ್ಡಿಗಳಿಗೆ ಕಟ್ಟಿಕೊಂಡು ಒದ್ದೆಯಾಗಿಯೇ ಇರುತ್ತದೆ. ಟ್ಯಾಂಕು ಬರಿದಾದರೂ ತುಂಬಿದೆ ಎಂದುಕೊಂಡು ಮೋಟರ್ ಸುಮ್ಮನಿರುತ್ತದೆ. ಟ್ಯಾಗಿನ ಮೇಲೂ ಅಂಥವೇ ಎರಡು ಲೋಹದ ಬೊಟ್ಟುಗಳಿದ್ದವು. ಅವುಗಳ ನಡುವೆ ಉಪ್ಪುನೀರಿದ್ದರೆ, ಆಮೆ ಮುಳುಗಿದೆ ಎಂದು ತಿಳಿದು ಟ್ಯಾಗ್ ಸುಮ್ಮನಾಗುತ್ತದೆ. ಆಮೆಯ ಬೆನ್ನಿನ ಮೇಲೆ ಪಾಚಿ, ಸಣ್ಣ ಚಿಪ್ಪುಜೀವಿಗಳು ಬೆಳೆಯುತ್ತವೆಂದು ಇವರೇ ಹೇಳಿದ್ದರಲ್ಲ. ಅವು ಬೊಟ್ಟುಗಳ ನಡುವೆ ಒದ್ದೆ ಹಿಡಿದಿಟ್ಟರೆ, ಆಮೆ ಮೇಲೆ ಬಂದರೂ ಟ್ಯಾಗ್ ಮುಳುಗಿದೆ ಎಂದೇ ತಿಳಿಯುತ್ತದೆ ಎಂದೆ.

“ಆಮೆ ಬೆನ್ನೇನು ನಮ್ಮನೆ ಟ್ಯಾಂಕಾ?” ಎಂದು ನಕ್ಕರು.

“ಟ್ಯಾಂಕ್ ತಿಕ್ಕೋಳು ನಾನು. ನಿಮಗೇನ್ರೀ ಗೊತ್ತು? ಇನ್ನೊಂದು ಟ್ಯಾಗ್ ಮನೆಗೆ ತನ್ನಿ.”

ಭಾನುವಾರ ಅದು ಊಟದ ಮೇಜಿನ ಮೇಲೆ ಬಂತು, ಜೊತೆಗೆ ಅದರ ಸಂದೇಶಕ್ಕೆ ಬೀಪ್ ಎನ್ನುವ ಯಂತ್ರ. ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಮೌನ, ಎತ್ತಿ ಒರೆಸಿದರೆ ಬೀಪ್. ನಾನು ಪಾಚಿಯ ಬದಲಿಗೆಂದು ಉಪ್ಪು ಹಾಕಿದ ದೋಸೆಹಿಟ್ಟು ಒಂದು ಚಮಚ ತಂದು ಬೊಟ್ಟುಗಳ ನಡುವೆ ಬಳಿದೆ.

“ಚಟ್ನಿನೂ ಹಾಕ್ತೀಯೇನೇ?”

ನಾನು ಟ್ಯಾಗನ್ನು ಯಂತ್ರದ ಮುಂದಿಟ್ಟೆ. ಟ್ಯಾಗ್ ಮಾತಾಡಲಿಲ್ಲ. ಗಾಳಿಯಲ್ಲೇ ಇತ್ತು, ಆದರೂ ಬೀಪ್ ಇಲ್ಲ. ಇವರು ಒರೆಸಿದರು, ಬೀಪ್. ತಾವೇ ಹಿಟ್ಟು ಬಳಿದರು, ಮೌನ. ಮತ್ತೆ ಒರೆಸಿದರು, ಮತ್ತೆ ಬಳಿದರು. ಆ ರಾತ್ರಿ ದೋಸೆಗೆ ಹಿಟ್ಟು ಸಾಲಲಿಲ್ಲ.

ಸೋಮವಾರ ಫೋನ್ ಮಾಡಿದರು, ಆದರೆ ಇನ್ನೊಂದು ಅವಕಾಶ ಕೇಳುವುದಕ್ಕೆ. ಒಂದೇ ಒಂದು ಎಂದರಂತೆ ಸಂಶೋಧಕರು. ಇವರು ಬೊಟ್ಟುಗಳನ್ನು ದೂರ ದೂರ ಸರಿಸಿ, ಚಿಪ್ಪುಜೀವಿ ಕಟ್ಟದಂತೆ ದೋಣಿಯ ಅಡಿಗೆ ಬಳಿಯುವ ಬಣ್ಣ ತರಿಸಿದರು. ಬೊಟ್ಟಿಗೆ ತಾಗದಂತೆ ಸುತ್ತಲೂ ಬಣ್ಣ ಬಳಿದವಳು ನಾನು. ಕಾನ್ವೆಂಟಿನಲ್ಲಿ ಓದುವಾಗ ಚಿತ್ರ ಬರೆಯಲು ಸಿಸ್ಟರ್ ಹಿಡಿಸಿದ್ದ ಸಣ್ಣ ಬ್ರಶ್ಶಿನ ಅಭ್ಯಾಸ ಕೈಯಲ್ಲಿ ಉಳಿದಿತ್ತು.

ಎರಡನೆಯ ಆಮೆಯ ಚುಕ್ಕೆಗಳು ದಕ್ಷಿಣಕ್ಕೆ ಸಾಗಿದವು. ಮೊದಲನೆಯದು ಮೌನವಾಗಲು ಹಿಡಿದಷ್ಟು ದಿನಗಳು ಕಳೆದ ಮೇಲೂ ಬರುತ್ತಲೇ ಇದ್ದವು. ಸಂಶೋಧಕರು ಮುಂದಿನ ಟ್ಯಾಗುಗಳನ್ನೂ ನಮ್ಮಲ್ಲೇ ಕೇಳಿದರು. ಫೋನ್ ಇಟ್ಟ ಇವರು ಸಿಂಕಿನಿಂದ ಸ್ಕ್ರಬ್ಬರ್ ತೆಗೆದುಕೊಂಡು ಮಹಡಿ ಹತ್ತಿದರು, ಟ್ಯಾಂಕ್ ತಿಕ್ಕಲು.