ಒಡಪಿನ ಮೇಲೆ ಬಿದ್ದ ಸಿಕ್ಕಾ

ಹಳೆಯ ಕ್ಯಾಸೆಟ್ ಪ್ಲೇಯರಿನ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದೆ. ಅವ್ವನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಬೇಕಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಥಣಿಯ ನನ್ನ ಮನೆ ಮರೆಯಾಗಿ ಏಕಸಂಬಿ ಬಸ್ ಸ್ಟ್ಯಾಂಡ್ ಎದುರಿನ ಆ ಅಂಗಡಿ ಕಣ್ಣ ಮುಂದೆ ನಿಂತಿತು... ಕೆಲವರ ನೆನಪಾದರೆ ಕಣ್ಣು ತುಂಬುತ್ತದೆ. ಆ ಅಂಗಡಿಯವನ ನೆನಪಾದರೆ ನಾನು ಹಲ್ಲು ಕಡಿಯುತ್ತೇನೆ.

ಊರಿನ ಮಕ್ಕಳೆಲ್ಲ ಅವನನ್ನು ಕ್ಯಾಸೆಟ್ ಕಾಕಾ ಎನ್ನುತ್ತಿದ್ದೆವು. ಹಿರಿಯ, ಬಹುವಚನ ಕೊಡಬೇಕು, ಗೊತ್ತು. ಕೊಡುವುದಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ, ದವಡೆಯಲ್ಲಿ ಸದಾ ತಂಬಾಕು. ದನಿ ಮಾತ್ರ ಗುಡಿಯ ಗಂಟೆಯಂತಿತ್ತು, ಅದನ್ನು ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಮದುವೆಯ ಹಂದರದಲ್ಲಿ, ಬೋರ್ಡಿಂಗ್ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಮೈಕು ಹಿಡಿಯಲು ಅವನೇ ಬೇಕು. ಟೇಪು ಸಿಕ್ಕು ಬಿದ್ದ ಕ್ಯಾಸೆಟ್ ಒಯ್ದರೆ ಪೆನ್ಸಿಲು ತೂರಿಸಿ ಸುತ್ತಿ ಕೊಡುತ್ತಿದ್ದ, ಬಿಡುಗಾಸೂ ಕೇಳುತ್ತಿರಲಿಲ್ಲ. ಆಗ ನನಗೂ ಅವನು ಒಳ್ಳೆಯವನಾಗಿಯೇ ಕಂಡಿದ್ದ.

ನಮ್ಮ ಅವ್ವ ಸೋಬಾನೆ ಪದ ಹಾಡುತ್ತಿದ್ದಳು. ಅರಿಸಿನದ ದಿನ ಅವಳಿಲ್ಲದಿದ್ದರೆ ಹೆಂಗಸರು ಅರಿಸಿನ ಕುಟ್ಟುವ ಒಳ್ಳಿನ ಮುಂದೆ ಕೂರುತ್ತಲೇ ಇರಲಿಲ್ಲ. ಸೋದರಮಾವನ ಮದುವೆಯಲ್ಲಿ ಕಾಕಾ ರೆಕಾರ್ಡು ಮಾಡಲು ಎರಡು ಮೈಕು ತಂದು ಅವಳ ಎದುರು ಇಟ್ಟ. ಪದಗಳೆಲ್ಲ ಮುಗಿದ ಮೇಲೆ ಹೆಂಗಸರು ಅವಳನ್ನು ಒಡಪಿಗೆ ಎಳೆದರು. ನಮ್ಮ ಕಡೆ ಗೊತ್ತಲ್ಲ, ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ತರುವುದಿಲ್ಲ. ಮದುವೆ, ಸೀಮಂತ ಇಂಥ ಕಡೆ ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಇಟ್ಟು ಒಮ್ಮೆ ಹೇಳಿಬಿಡುತ್ತಾಳೆ, ಅಷ್ಟೇ. ಅವ್ವ ಬಹಳ ನಾಚಿಕೆಯವಳು, ಅಲ್ಲಿಯವರೆಗೆ ಎಷ್ಟು ಕಾಡಿದರೂ ಹೇಳಿರಲಿಲ್ಲವಂತೆ. ಅವತ್ತು ಹೇಳಿದಳು. ನಾನು ಅಂಗಳದಲ್ಲಿ ಕುಂಟಾಟ ಆಡುತ್ತಿದ್ದೆ. ಒಳಗಿನಿಂದ ಹೆಂಗಸರು ಹೋ ಎಂದದ್ದಷ್ಟೇ ಕೇಳಿಸಿತು.

ಕ್ಯಾಸೆಟ್ ಹೊರಬಂತು. ಚಿಕ್ಕೋಡಿ, ರಾಯಬಾಗ, ಮಂಗಸೂಳಿಯ ಜಾತ್ರೆಯವರೆಗೂ ಹೋಯಿತು. ಅದರ ಮೇಲೆ ಅವ್ವನ ಹೆಸರಿರಲಿಲ್ಲ. ಹೋಗಲಿ, ಅದು ದೊಡ್ಡ ಮಾತಲ್ಲ. ಆದರೆ ಪ್ರತಿ ಪದದ ನಡುವೆ ಕಾಕಾ ತನ್ನ ದನಿಯನ್ನು ತುರುಕಿದ್ದ. ಅದಕ್ಕೆ ಅವನು ಸಿಕ್ಕಾ, ಅಂದರೆ ಮೊಹರು, ಎನ್ನುತ್ತಿದ್ದ. “ಮಾಲಿನ ಮ್ಯಾಲ ಸಿಕ್ಕಾ ಬೀಳಬೇಕ್ರಿ, ಇಲ್ಲಂದ್ರ ನಿಪ್ಪಾಣಿ ಮಂದಿ ಕಾಪಿ ಹೊಡದ ತಮ್ಮದ ಅಂತಾರ” ಎಂಬುದು ಅವನ ನ್ಯಾಯ. ಸಿಕ್ಕಾ ಹಾಕುವುದಕ್ಕೂ ಅವನದೇ ಒಂದು ಪದ್ಧತಿ: ಎಲ್ಲಿ ಜನ ಕಿವಿ ನಿಮಿರಿಸಿ ಕೂತಿರುತ್ತಾರೋ ಅಲ್ಲಿಯೇ ಹಾಕಬೇಕು. ಒಡಪಿಗಿಂತ ಕಿವಿ ನಿಮಿರುವ ಜಾಗ ಬೇರೆ ಯಾವುದು? ಅವ್ವ ಕ್ಯಾಸೆಟ್ಟಿನಲ್ಲಿ ಹೀಗೆ ಹೇಳುತ್ತಾಳೆ:

“ಕೃಷ್ಣಾ ಹೊಳಿ ನೀರ ಕೊಡತುಂಬ ತಂದೀನಿ,
ಅಂಗಳದ ತುಳಸಿಗಿ ಹನಿ ಹನಿ ಎರದೀನಿ...”

ಅಲ್ಲಿಗೆ ಅವ್ವನ ದನಿ ಪಟ್ಟನೆ ಮುಳುಗುತ್ತದೆ. ಕಾಕಾ ಬರುತ್ತಾನೆ: “ಏಕಸಂಬಿ ಬಸ್ ಸ್ಟ್ಯಾಂಡ್ ಎದುರು! ನಕಲಿ ಕ್ಯಾಸೆಟ್ ಕೊಂಡು ಮೋಸ ಹೋಗಬೇಡಿ!” ಅವನು ಮುಗಿಸುವ ಹೊತ್ತಿಗೆ ಹೆಂಗಸರು ನಗುತ್ತಿರುತ್ತಾರೆ. ಅಪ್ಪನ ಹೆಸರು ಅದರ ಕೆಳಗೆ ಹೋಯಿತು.

ಮರುವರ್ಷ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಅಪ್ಪ ತೀರಿಕೊಂಡ. ಗಂಡ ಸತ್ತವಳಿಗೆ ಒಡಪಿಲ್ಲ, ಅರಿಸಿನದ ಮನೆಗೂ ಕರೆಯುವುದಿಲ್ಲ. ಅವ್ವನ ಹಾಡು ನಿಂತಿತು. ಕೆಲವು ತಿಂಗಳು ಕಳೆದ ಮೇಲೆ ನನ್ನ ಕೈ ಹಿಡಿದು ಆ ಅಂಗಡಿಗೆ ಹೋದಳು. ಸಿಕ್ಕಾ ಹಾಕುವ ಮೊದಲಿನ ಅಸಲಿ ಕ್ಯಾಸೆಟ್ ಇದ್ದರೆ ಕೊಡು ತಮ್ಮಾ, ಮಕ್ಕಳು ಒಮ್ಮೆ ಕೇಳಲಿ ಎಂದಳು. ಅಂಗಡಿಯಲ್ಲಿ ಗಂಡಸರು ತುಂಬಿದ್ದರು. ಕಾಕಾ ತಂಬಾಕು ಉಗುಳಿ ಬಂದು ಹೇಳಿದ.

“ಅದರ ಮ್ಯಾಲ ಬ್ಯಾರೆ ತುಂಬೀನಿ ವೈನಿ. ಹೆಸರಿನ ಆಸೆ ಅಷ್ಟ ಇದ್ರ ಇನ್ನೊಮ್ಮೆ ಹೇಳ್ರಲ್ಲ, ಪುಕ್ಕಟ ರೆಕಾರ್ಡ ಮಾಡಿ ಕೊಡ್ತೀನಿ.”

ಗಂಡಸರು ನಕ್ಕರು. ಕುಂಕುಮವಿಲ್ಲದ ಹಣೆಯ ಮೇಲೆ ಸೆರಗು ಎಳೆದುಕೊಂಡು ಅವ್ವ ಮೆಟ್ಟಿಲಿಳಿದಳು. ಮನೆಯ ಹೊಸ್ತಿಲು ದಾಟುವಾಗ ಒಂದೇ ಮಾತು: “ಅವನ ಬಾಯಾಗ ಮಣ್ಣ ಬೀಳ್ಲಿ.” ಅವಳು ಯಾರಿಗಾದರೂ ಶಾಪ ಹಾಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳು ಆಮೇಲೆ ಮರೆತಳೋ ಏನೋ... ನಾನು ಮರೆಯಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು, ಶಾಪ ಗೀಪ ನಂಬಬಾರದು. ಈ ಒಂದು ಶಾಪಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದೆ.

ಅವ್ವ ಹೋದ ಮೇಲೆ ಅವಳ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿ ಮನೆಯಲ್ಲೇ ಒಂದು ಮ್ಯೂಸಿಕ್ ಸರ್ವರ್ ಮಾಡಿದೆ. ಊಟದ ಡಬ್ಬಿಯಷ್ಟು ದೊಡ್ಡದು, ಕಪಾಟಿನ ಮೇಲೆ ಕೂತಿದೆ. ಅವ್ವನ ದನಿಯನ್ನು ಇನ್ನೊಮ್ಮೆ ಊರ ಪಾಲು ಮಾಡುವ ಮನಸ್ಸಿರಲಿಲ್ಲ, ಹಾಗಾಗಿ ಯೂಟ್ಯೂಬಿಗೆ ಹಾಕಲಿಲ್ಲ. ಮೆಶ್ ವಿಪಿಎನ್ ಎಂಬುದನ್ನು ಕಲಿತು ಹಾಕಿಕೊಂಡೆ. ಸರಳವಾಗಿ ಹೇಳುವುದಾದರೆ ಅದು ನಮ್ಮ ನಮ್ಮ ಯಂತ್ರಗಳ ಒಂದು ಖಾಸಗಿ ಬಳಗ: ಮನೆಯ ಸರ್ವರು, ನನ್ನ ಫೋನು, ಕಾಗವಾಡದಲ್ಲಿರುವ ತಂಗಿಯ ಫೋನು. ಎಲ್ಲಿದ್ದರೂ ಇವು ಒಂದನ್ನೊಂದು ಗುರುತು ಹಿಡಿದು ನೇರ ಮಾತಾಡುತ್ತವೆ. ಹೊರಗಿನವರಿಗೆ ಅಂಥದ್ದೊಂದು ಸರ್ವರ್ ಇದೆ ಎಂಬುದೇ ತಿಳಿಯದು. ಬಳಗಕ್ಕೆ ಯಾರು ಸೇರಬೇಕೆಂದು ಒಪ್ಪಿಗೆ ಕೊಡುವವಳು ನಾನು. ಶಾಲೆಯ ಸ್ಟಾಫ್ ರೂಮಿನಲ್ಲಿ ರೊಟ್ಟಿ ತಿನ್ನುತ್ತ ನಾನು ಕೇಳುತ್ತಿದ್ದೆ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೂತು ತಂಗಿ ಕೇಳುತ್ತಿದ್ದಳು. ಕಾಕಾನ ಸಿಕ್ಕಾ ಬಂದಾಗಲೆಲ್ಲ ಇಬ್ಬರೂ ಇದ್ದಲ್ಲಿಂದಲೇ ಬೈಯುತ್ತಿದ್ದೆವು.

ಒಂದು ದಿನ ಆ ಶೆಡ್ಡಿಗೆ ಬಂದ ಹೆಂಗಸೊಬ್ಬಳು ತಂಗಿಯ ಫೋನಿನ ಹಾಡು ಕೇಳುತ್ತ ಥಟ್ಟನೆ ನಿಂತಳಂತೆ. “ನಮ್ಮ ಅಪ್ಪನ ದನಿ ಅದು!” ಕ್ಯಾಸೆಟ್ ಕಾಕಾನ ಮಗಳು, ಕಾಗವಾಡಕ್ಕೇ ಕೊಟ್ಟಿದ್ದರು. ಸಂಜೆ ನನಗೆ ಫೋನು ಮಾಡಿದಳು.

“ಅಕ್ಕಾರ, ಅಪ್ಪಗ ಗಂಟಲ ಆಪರೇಶನ್ ಆಗೇತ್ರಿ, ಮಾತ ಪೂರ್ತಿ ಹೋಗೇತಿ. ಈಗ ನನ್ನ ಕಡೇನ ಅದಾನ. ತನ್ನ ದನಿ ಒಮ್ಮೆ ಕೇಳಬೇಕಂತ ಪಾಟಿ ಮ್ಯಾಲ ಬರದ ಬರದ ತೋರಸ್ತಾನ್ರಿ. ನಮ್ಮ ಮನ್ಯಾಗ ಒಂದೂ ಕ್ಯಾಸೆಟ್ ಉಳದಿಲ್ಲ.”

ಅವ್ವಾ, ನಿನ್ನ ಮಾತು ತಟ್ಟಿತು ಎಂದುಕೊಂಡೆ. ಒಳಗೊಳಗೇ ಹೋಳಿಗೆ ಉಂಡಷ್ಟು ಸಮಾಧಾನವಾಯಿತು. ಮಗಳಿಗೆ ಒಂದೇ ಪ್ರಶ್ನೆ ಹಾಕಿದೆ: ಸೋಬಾನೆಯ ಅಸಲಿ ಕ್ಯಾಸೆಟ್ ಏನಾಯಿತು, ಅಪ್ಪನನ್ನು ಕೇಳಿ ಹೇಳು. ಮರುದಿನ ಉತ್ತರ ಬಂತು. “ಅದರ ಮ್ಯಾಲ ಏನೂ ತುಂಬಿರಲಿಲ್ಲಂತ್ರಿ. ಟ್ರಂಕಿನ್ಯಾಗ ಇತ್ತಂತ. ಮೊನ್ನೆ ಹೊಳಿ ಏರಿ ಬಂದಾಗ ನೀರ ಹೊಕ್ಕ ಎಲ್ಲಾ ಹೋದ್ವು.”

ಇತ್ತು! ಅವ್ವ ಬದುಕಿದ್ದಷ್ಟೂ ಕಾಲ ಅದು ಇತ್ತು. ಅವಳು ಸಾಯುವ ದಿನವೂ ಇತ್ತು. ಒಂದು ಟ್ರಂಕಿನ ಮುಚ್ಚಳ ತೆಗೆಯುವ ಕಷ್ಟಕ್ಕೆ ಅವಳನ್ನು ಗಂಡಸರ ಮುಂದೆ ನಗೆಪಾಟಲು ಮಾಡಿ ಕಳಿಸಿದ್ದ.

ಸರಿ, ಕೇಳಿಸುತ್ತೇನೆ ಎಂದೆ. ಕಂಪ್ಯೂಟರಿನ ಮುಂದೆ ಕೂತು ಅವ್ವನ ಒಂದೊಂದು ಪದದಿಂದಲೂ ಅವನ ಸಿಕ್ಕಾವನ್ನು ಕಿತ್ತೆ. ಒಡಪಿನ ಕಡೆ ಬಂದಾಗ, ಅವನನ್ನು ತೆಗೆದರೆ ಕೆಳಗೆ ಅವ್ವ ಸಿಕ್ಕಾಳು ಎಂಬ ಆಸೆ ಇತ್ತು. ದನಿಗಳನ್ನು ಬೇರ್ಪಡಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಏನೂ ಇರಲಿಲ್ಲ. ತಾನು ಮಾತಾಡುವಾಗ ಅವಳ ದನಿಯನ್ನು ಪೂರ್ತಿ ಇಳಿಸಿಬಿಟ್ಟಿದ್ದ... ಅಷ್ಟು ಜಾಗ ಖಾಲಿ. ಆ ಖಾಲಿಯನ್ನು ಹಾಗೆಯೇ ಇಟ್ಟು ಸರ್ವರಿಗೆ ಏರಿಸಿದೆ. ಮಗಳ ಫೋನನ್ನು ಬಳಗಕ್ಕೆ ಸೇರಿಸಿ, ಆ ಪದಗಳಷ್ಟೇ ಅವಳಿಗೆ ಕಾಣುವಂತೆ ಬಿಟ್ಟೆ.

ಮತ್ತೆ ಫೋನು ಬಂತು. “ಅಕ್ಕಾರ, ನಿಮ್ಮ ಅವ್ವಾರ ಒಡಪ ಬರತೈತಿ. ಆಮ್ಯಾಲ ಅಲ್ಲೆ ಏನೂ ಕೇಳ್ಸೂದಿಲ್ರಿ.”

“ನಮಗೂ ಅಲ್ಲೆ ಏನೂ ಕೇಳ್ಸಿಲ್ಲ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅವನಿಗೆ ಆಯಿತು. ಮೊದಲ ಸಲ ಕೇಳಿದಾಗ ಪಾಟಿಯನ್ನು ಮುಖಕ್ಕೆ ಮುಚ್ಚಿಕೊಂಡು ಕೂತನಂತೆ. ತಂಗಿಗೆ ಎಲ್ಲ ಗೊತ್ತಾಗಿ ನನ್ನ ಮೇಲೆ ಹರಿಹಾಯ್ದಳು: “ಸಾಯೂ ಮನಷ್ಯಾನ ಮ್ಯಾಲ ಎಂಥಾ ಸೇಡ ಬೇ ಅಕ್ಕಾ?” ಗಟ್ಟಿ ಇದ್ದಾಗ ಕೈಗೆ ಸಿಗಲಿಲ್ಲ ಎಂದೆ. ಮುಂದಿನ ವಾರ ಅವನು ಹೋದ. ಸಂತೋಷವಾಯಿತೇ ಎಂದು ಕೇಳಿದರೆ, ಹೌದು, ಆಯಿತು. ಸುಳ್ಳು ಯಾಕೆ ಹೇಳಲಿ.

ಅವನ ಮಗಳ ಫೋನನ್ನು ಬಳಗದಿಂದ ತೆಗೆಯಬಹುದಿತ್ತು. ತೆಗೆದಿಲ್ಲ. ಯಾರು ಏನು ಕೇಳುತ್ತಿದ್ದಾರೆ ಎಂಬುದು ಸರ್ವರಿನಲ್ಲಿ ನನಗೆ ಕಾಣುತ್ತದೆ. ಅವಳು ದಿನಾ ಕೇಳುತ್ತಾಳೆ. ಪದಗಳನ್ನಲ್ಲ, ಒಡಪೊಂದನ್ನೇ, ಮತ್ತೆ ಮತ್ತೆ. ನಿನ್ನ ಅಪ್ಪನ ದನಿ ಇದ್ದ ಜಾಗ ಅದು ಎಂದು ಯಾರೋ ಹೇಳಿರಬೇಕು, ತಂಗಿಯೇ ಹೇಳಿರಬೇಕು. ಆ ಖಾಲಿ ಜಾಗದಲ್ಲಿ ನಾನು ಅಪ್ಪನ ಹೆಸರು ಹುಡುಕಿದ ಹಾಗೆ ಅವಳು ಅವಳ ಅಪ್ಪನನ್ನು ಹುಡುಕುತ್ತಾಳೆ. ವ್ಯತ್ಯಾಸ ಇಷ್ಟೇ: ಅವಳ ಅಪ್ಪನ ದನಿ ನನ್ನ ಹತ್ತಿರ ಇದೆ, ಕಿತ್ತದ್ದನ್ನೆಲ್ಲ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಅವ್ವನ ಬಾಯಲ್ಲಿ ನನ್ನ ಅಪ್ಪನ ಹೆಸರು ಇನ್ನು ಎಲ್ಲಿಯೂ ಇಲ್ಲ, ಯಾರ ಟ್ರಂಕಿನಲ್ಲಿಯೂ ಇಲ್ಲ.

ಇವತ್ತು ಊಟದ ಬಿಡುವಿನಲ್ಲಿ ನೋಡಿದೆ, ಅವಳು ಕೇಳುತ್ತಿದ್ದಳು. ಆ ಫೋಲ್ಡರು ತೆರೆದೆ. ಒಂದು ಸಲ ಒತ್ತಿದರೆ ಸಾಕು, ಅವಳಿಗೆ ಹೋಗುತ್ತದೆ. ಬೆರಳು ಅಲ್ಲಿಯೇ ಬಹಳ ಹೊತ್ತು ನಿಂತಿತ್ತು... ಗಂಟೆ ಹೊಡೆಯಿತು. ಫೋನು ಪರ್ಸಿಗೆ ಹಾಕಿ ಎಂಟನೆಯ ತರಗತಿಗೆ ಹೋದೆ.